ದುಡ್ಡಿಲ್ಲದ ಸಿನಿಮಾದಲ್ಲಿ ಫೈಟ್ ಮಾಡಿದ ಹೆಣ್ಣುಮಕ್ಕಳು

ಹೋದ ವಾರದ ವಿಡಿಯೋದಲ್ಲಿ ಆಡಿದ ಮಾತಿನ ಬರಹ ರೂಪ ಇದು. ಲೋಕಲ್ ಟ್ರೇನಲ್ಲಿ, ಆಫೀಸ್ ಕ್ಯಾಬಲ್ಲಿ ಕೂತು ಓದೋರಿಗೆ ಅನುಕೂಲ ಆಗ್ಲಿ ಅಂತ ಸ್ವಲ್ಪ ತಿದ್ದಿ, ಕ್ರಮಕ್ಕೆ ತಂದು ಇಲ್ಲಿ ಹಾಕಿದೀನಿ. ವಿಷಯ: 1960ರ ದಶಕದಿಂದ 90ರ ದಶಕದವರೆಗೆ ಹಾಂಗ್ ಕಾಂಗ್‌ನಲ್ಲಿ ತಯಾರಾದ ಕಡಿಮೆ ಬಜೆಟ್ಟಿನ ಮಾರ್ಷಲ್ ಆರ್ಟ್ಸ್ ಸಿನಿಮಾಗಳು, ಅದರಲ್ಲಿ ಫೈಟ್ ಮಾಡಿದ ನಟಿಯರು.

ಒಂದು ಹೋಲಿಕೆಯಿಂದ ಶುರು ಮಾಡೋಣ.

ಒಬ್ಬರೇ ನಟಿ, ಎರಡು ಸಿನಿಮಾ

ಏಂಜೆಲಾ ಮಾವೊ ಅಂತ ಒಬ್ಬ ನಟಿ. 1972ರಲ್ಲಿ ಗೋಲ್ಡನ್ ಹಾರ್ವೆಸ್ಟ್ ಅನ್ನೋ ಹಾಂಗ್ ಕಾಂಗ್ ಕಂಪನಿ ಅವರನ್ನ ಮುಖ್ಯ ಪಾತ್ರಕ್ಕೆ ಹಾಕಿಕೊಂಡು 'ಹಾಪ್ಕಿಡೋ' ಅನ್ನೋ ಸಿನಿಮಾ ಮಾಡ್ತು. ಕಥೆ ಬಹಳ ಸರಳ. 1930ರ ದಶಕ. ಕೊರಿಯಾದಲ್ಲಿ ಹಾಪ್ಕಿಡೋ ವಿದ್ಯೆ ಕಲಿತ ಮೂವರು ಚೀನಾಕ್ಕೆ ವಾಪಸ್ ಬಂದು ಒಂದು ಶಾಲೆ ತೆಗೀತಾರೆ. ಊರಲ್ಲಿ ದರ್ಪ ನಡೆಸ್ತಿರೋ ಜಪಾನೀ ಕರಾಟೆ ಶಾಲೆಯವರು ಬಿಡಲ್ಲ. "ತಾಳ್ಮೆ ಕಳೀಬೇಡಿ" ಅಂತ ಗುರು ಹೇಳಿ ಕಳಿಸಿರ್ತಾರೆ. ತಾಳ್ಮೆ ಮೀರಿದ ಇಬ್ಬರು ಗಂಡಸರೂ ಒಬ್ಬರಾದ ಮೇಲೊಬ್ಬರು ಸಾಯ್ತಾರೆ. ಅಲ್ಲೀತನಕ ತಡಕೊಂಡಿದ್ದ ಹುಡುಗಿ ಕೊನೆಗೆ ಎದ್ದು ನಿಲ್ತಾಳೆ. ಅಂತಿಮ ಹೋರಾಟ ಅವಳದ್ದು.

ಮುಂದಿನ ವರ್ಷ, 1973ರಲ್ಲಿ, ಅದೇ ಗೋಲ್ಡನ್ ಹಾರ್ವೆಸ್ಟ್ ಅಮೆರಿಕದ ವಾರ್ನರ್ ಬ್ರದರ್ಸ್ ಜೊತೆ ಸೇರಿ 'ಎಂಟರ್ ದಿ ಡ್ರ್ಯಾಗನ್' ಮಾಡ್ತು. ಇದನ್ನ ನೋಡದವರು ನಮ್ಮಲ್ಲಿ ಕಡಿಮೆ. ಅದರಲ್ಲೂ ಏಂಜೆಲಾ ಮಾವೊ ಇದ್ದಾರೆ, ಬ್ರೂಸ್ ಲೀ ತಂಗಿಯಾಗಿ. ಗಲ್ಲಿಗಳಲ್ಲಿ ಓಡ್ತಾ, ಅಟ್ಟಿಸಿಕೊಂಡು ಬಂದವರನ್ನ ಒದ್ದು ಬೀಳಿಸ್ತಾ ಹೋಗಿ, ಕೊನೆಗೆ ಮೂಲೆಗೆ ಸಿಕ್ಕಿಬಿದ್ದು, ಗಾಜಿನ ಚೂರಿನಿಂದ ತಾನೇ ಪ್ರಾಣ ಕಳಕೊಳ್ತಾಳೆ. ಕೆಲವೇ ನಿಮಿಷದ ಫ್ಲ್ಯಾಶ್‌ಬ್ಯಾಕ್. ಅಣ್ಣನ ಸೇಡಿಗೆ ಒಂದು ಕಾರಣ ಬೇಕಿತ್ತು, ಆ ಕಾರಣ ಇವಳು.

ನಟಿ ಅವರೇ, ಕಂಪನಿ ಅದೇ, ನಡುವೆ ಒಂದೇ ವರ್ಷ. ಹಿಂದಿನ ವರ್ಷ ಇಡೀ ಕರಾಟೆ ಶಾಲೆಯನ್ನ ನೆಲಕ್ಕೆ ಕೆಡವಿದವರಿಗೆ ಈ ವರ್ಷ ಬೆರಳೆಣಿಕೆಯ ಗೂಂಡಾಗಳನ್ನ ಎದುರಿಸೋಕೆ ಆಗಲಿಲ್ಲ. ಬದಲಾಗಿದ್ದು ಏನು? ಬಜೆಟ್. 'ಎಂಟರ್ ದಿ ಡ್ರ್ಯಾಗನ್'ಗೆ ಸುಮಾರು 8.5 ಲಕ್ಷ ಡಾಲರ್ ಖರ್ಚಾಗಿತ್ತು. ಹಾಲಿವುಡ್‌ಗೆ ಅದು ಚಿಲ್ಲರೆ, ಹಾಂಗ್ ಕಾಂಗ್‌ಗೆ ದೊಡ್ಡ ಮೊತ್ತ. ಏಂಜೆಲಾ ಮಾವೊಗೆ ಆ ಪಾತ್ರಕ್ಕೆ ಸಿಕ್ಕಿದ್ದು 100 ಡಾಲರ್ ಅಂತ ಹಲವು ಕಡೆ ವರದಿಯಾಗಿದೆ.

ನಾನು ಹೇಳಬೇಕು ಅಂತಿರೋದು ಇಷ್ಟೇ. ಈ ಸಿನಿಮಾಗಳಲ್ಲಿ ಹೆಂಗಸರಿಗೆ ಫೈಟ್ ಸಿಕ್ಕಿದ್ದು ನಿರ್ಮಾಪಕರ ದೊಡ್ಡ ಮನಸ್ಸಿನಿಂದ ಅಲ್ಲ, ಜೇಬಿನಲ್ಲಿ ದುಡ್ಡು ಇಲ್ಲದ್ದರಿಂದ. ಆ ಉಳಿತಾಯದ ಖರ್ಚು ಕೊನೆಗೆ ಬಿದ್ದಿದ್ದೂ ಅವರ ಮೈಮೇಲೇನೇ.

ತಯಾರಾದ ದೇಹ ಎಲ್ಲಿಂದ ಬಂತು

ಚೀನಾದ ಪೀಕಿಂಗ್ ಒಪೆರಾ ಗೊತ್ತಲ್ವಾ? ಹಾಡು, ಮಾತು, ಅಭಿನಯ, ಲಾಗ ಎಲ್ಲಾ ಸೇರಿದ ರಂಗಕಲೆ. ನಮ್ಮ ಯಕ್ಷಗಾನದಲ್ಲಿ ರಾಜವೇಷ, ಬಣ್ಣದ ವೇಷ, ಸ್ತ್ರೀವೇಷ ಅಂತ ಹೇಗೆ ವಿಭಾಗ ಇದೆಯೋ ಹಾಗೆ ಅಲ್ಲೂ ಇದೆ. ಅದರಲ್ಲಿ ಒಂದು ವಿಭಾಗದ ಹೆಸರು 'ವೂದಾನ್'. ಅಂದ್ರೆ ಯುದ್ಧ ಮಾಡೋ ಸ್ತ್ರೀಪಾತ್ರ. ಈಟಿ ತಿರುಗಿಸಬೇಕು, ಎದುರಾಳಿ ಎಸೆದ ಈಟಿಯನ್ನ ಕಾಲಲ್ಲಿ ಒದ್ದು ವಾಪಸ್ ಕಳಿಸಬೇಕು, ಪಲ್ಟಿ ಹೊಡೀಬೇಕು. ಒಂದು ಕಾಲದಲ್ಲಿ ಇದನ್ನೂ ಗಂಡಸರೇ ಮಾಡ್ತಿದ್ರು, ನಮ್ಮಲ್ಲಿ ಸ್ತ್ರೀವೇಷ ಮಾಡಿದ ಹಾಗೆ. ಇಪ್ಪತ್ತನೇ ಶತಮಾನದಲ್ಲಿ ಹುಡುಗಿಯರೂ ಒಪೆರಾ ಶಾಲೆಗಳಿಗೆ ಸೇರಿ ಚಿಕ್ಕಂದಿನಿಂದಲೇ ಇದನ್ನ ಕಲಿಯೋಕೆ ಶುರು ಮಾಡಿದ್ರು.

ಏಂಜೆಲಾ ಮಾವೊ 1950ರಲ್ಲಿ ತೈವಾನಿನಲ್ಲಿ ಹುಟ್ಟಿದವರು. ಮನೆಯೋರೆಲ್ಲ ಒಪೆರಾದವರು. ಪುಟ್ಟ ಮಗುವಾಗಿದ್ದಾಗಲೇ ತರಬೇತಿ ಶುರು. ಸಿನಿಮಾಕ್ಕೆ ಬರೋ ಹೊತ್ತಿಗೆ ಹತ್ತು ವರ್ಷಕ್ಕೂ ಹೆಚ್ಚಿನ ಅಭ್ಯಾಸ ಮೈಯಲ್ಲಿ ಇಳಿದಿತ್ತು. ಆ ಹತ್ತು ವರ್ಷದ ಖರ್ಚನ್ನ ಯಾವ ಸ್ಟುಡಿಯೋನೂ ಕೊಟ್ಟಿರಲಿಲ್ಲ. ನಮ್ಮ ಭಾಷೇಲಿ ಹೇಳೋದಾದ್ರೆ, ಬೇರೆ ಯಾರೋ ವರ್ಷಗಟ್ಟಲೆ ಬರೆದು ಟೆಸ್ಟ್ ಮಾಡಿಟ್ಟ ಲೈಬ್ರರಿಯನ್ನ ಬಿಟ್ಟಿಯಾಗಿ ಇಂಪೋರ್ಟ್ ಮಾಡಿಕೊಂಡ ಹಾಗೆ.

ಗೋಲ್ಡನ್ ಹಾರ್ವೆಸ್ಟ್ ಆಗ ಅಕ್ಷರಶಃ ಒಂದು ಸ್ಟಾರ್ಟ್‌ಅಪ್. ಶಾ ಬ್ರದರ್ಸ್ ಅನ್ನೋ ದೈತ್ಯ ಕಂಪನಿಯಲ್ಲಿದ್ದ ರೇಮಂಡ್ ಚೌ 1970ರಲ್ಲಿ ಹೊರಗೆ ಬಂದು ಕಟ್ಟಿದ ಕಂಪನಿ. ದೊಡ್ಡ ಸ್ಟಾರ್‌ಗಳು ಹಳೇ ಕಂಪನಿಯ ಕಾಂಟ್ರ್ಯಾಕ್ಟ್‌ನಲ್ಲಿ ಕಟ್ಟಿಹಾಕಿಸಿಕೊಂಡಿದ್ರು. ಬ್ರೂಸ್ ಲೀ ಇನ್ನೂ ಬಂದಿರಲಿಲ್ಲ. ಹೆಸರಿಲ್ಲದ, ಆದ್ರೆ ಕೆಲಸ ಬರೋ ಹೊಸಬರು ಬೇಕಿತ್ತು. ಹಾಗೆ ಸಿಕ್ಕವರು ಏಂಜೆಲಾ ಮಾವೊ. 'ಹಾಪ್ಕಿಡೋ'ದಲ್ಲಿ ಮಾಡಿದ ಅವರು, ಸ್ಯಾಮೊ ಹಂಗ್, ಕಾರ್ಟರ್ ವಾಂಗ್ ಮೂವರೂ ಕೊರಿಯಾಕ್ಕೆ ಹೋಗಿ ಜಿ ಹಾನ್ ಜೇ ಅನ್ನೋ ಗುರುವಿನ ಹತ್ರ ನಿಜವಾಗ್ಲೂ ಆ ವಿದ್ಯೆ ಕಲಿತ್ರು. ಸಿನಿಮಾದಲ್ಲಿ ಗುರುವಿನ ಪಾತ್ರ ಮಾಡಿರೋದೂ ಅವರೇ.

ಒಪೆರಾ ಒಂದೇ ದಾರಿ ಆಗಿರಲಿಲ್ಲ. ಇವರಿಗಿಂತ ಮುಂಚಿನ ಚೆಂಗ್ ಪೇಪೇ ಬ್ಯಾಲೆ ಕಲಿತವರು. 1966ರಲ್ಲಿ ಕಿಂಗ್ ಹು ನಿರ್ದೇಶನದ 'ಕಮ್ ಡ್ರಿಂಕ್ ವಿತ್ ಮಿ' ಸಿನಿಮಾದಲ್ಲಿ ಕತ್ತಿ ಹಿಡಿದಾಗ ಅವರಿಗೆ ಇಪ್ಪತ್ತರ ಆಸುಪಾಸು. ಹೋಟೆಲಿನ ದೃಶ್ಯದಲ್ಲಿ ಸುತ್ತ ಕಳ್ಳರು ಕೂತಿರುವಾಗ ಅವರು ಅಲ್ಲಾಡದೆ ಕೂತಿರೋದು, ಆಮೇಲೆ ಒಂದೇ ಸಲಕ್ಕೆ ಚಲಿಸೋದು, ಪೂರ್ತಿ ನಾಟ್ಯದ ತಾಳವೇ. ಕಾರಾ ಹುಯಿ ಬಡತನದಲ್ಲಿ ಬೆಳೆದು, ಹದಿಹರೆಯದಲ್ಲೇ ನೈಟ್‌ಕ್ಲಬ್‌ನಲ್ಲಿ ಡ್ಯಾನ್ಸರ್ ಆಗಿದ್ದವರು. ಮಿಶೆಲ್ ಯೋ ಲಂಡನ್ನಿನಲ್ಲಿ ಬ್ಯಾಲೆ ಕಲಿತು, ಬೆನ್ನಿಗೆ ಪೆಟ್ಟಾಗಿ ಅದನ್ನ ಬಿಟ್ಟವರು. ಯಾರ ಕಥೆ ತೆಗೆದ್ರೂ ಒಂದು ಅಂಶ ಸಾಮಾನ್ಯ: ದೇಹ ಮೊದಲೇ ಪಳಗಿತ್ತು, ಸಿನಿಮಾ ಆಮೇಲೆ ಬಂತು.

ದುಡ್ಡಿಲ್ಲದಾಗ ಫೈಟ್ ತೆಗೆಯೋದು ಹೇಗೆ

ಎಂಟೆಕ್‌ನಲ್ಲಿ ನಾನು ವಿಡಿಯೋ ಪ್ರೊಸೆಸಿಂಗ್ ಓದಿದೋನು. ಫೈಟ್ ಬಂದ್ರೆ ನಿಲ್ಲಿಸಿ ನಿಲ್ಲಿಸಿ ನೋಡೋ ಚಟ ಅಲ್ಲಿಂದ್ಲೇ ಅಂಟಿಕೊಂಡಿದ್ದು. ಹಾಗಾಗಿ ಈ ಭಾಗ ಸ್ವಲ್ಪ ಉದ್ದ.

ನಟಿಗೆ ಫೈಟ್ ಬರಲ್ಲ ಅಂದ್ಕೊಳ್ಳಿ. ಆಗ ಏನ್ ಮಾಡ್ತೀರಿ? ಮುಖದ ಕ್ಲೋಸಪ್ ಒಂದು, ಕಾಲಿನ ಶಾಟ್ ಇನ್ನೊಂದು, ಬೆನ್ನು ತೋರಿಸೋ ಡೂಪ್ ಶಾಟ್ ಮತ್ತೊಂದು, ಬೀಳೋ ವಿಲನ್ ಮಗದೊಂದು. ಪ್ರತಿ ಸಲ ಕ್ಯಾಮೆರಾ ಜಾಗ ಬದಲಾಯಿಸಬೇಕು, ಲೈಟ್ ಮತ್ತೆ ಹೊಂದಿಸಬೇಕು. ಇದಕ್ಕೆ ಸಮಯ ಹೋಗತ್ತೆ, ಸಮಯ ಅಂದ್ರೆ ದುಡ್ಡು. ಫೈಟ್ ಬರುತ್ತೆ ಅಂದ್ರೆ? ಕ್ಯಾಮೆರಾ ದೂರ ಇಟ್ಟು, ತಲೆಯಿಂದ ಪಾದದ ತನಕ ಕಾಣೋ ಹಾಗೆ ಫ್ರೇಮ್ ಮಾಡಿ, ಎಂಟ್ಹತ್ತು ಪಟ್ಟುಗಳನ್ನ ಒಂದೇ ಶಾಟ್‌ನಲ್ಲಿ ಮುಗಿಸಬಹುದು. ಎಡಿಟಿಂಗ್ ಕೆಲಸಾನೂ ಕಮ್ಮಿ. ಅಂದ್ರೆ ಕಲಾವಿದೆಯ ಕೌಶಲವೇ ಆ ಸಿನಿಮಾದ ಅತಿ ಅಗ್ಗದ ಸ್ಪೆಷಲ್ ಎಫೆಕ್ಟ್.

ಇದರ ಜೊತೆಗೆ ಕೆಲವು ಉಪಾಯಗಳಿದ್ವು.

ಮೊದಲನೇದು, ವೇಗ. ಪ್ರೊಜೆಕ್ಟರ್ ಸೆಕೆಂಡಿಗೆ 24 ಫ್ರೇಮ್ ಓಡಿಸುತ್ತೆ. ಶೂಟಿಂಗ್‌ನಲ್ಲಿ ಕ್ಯಾಮೆರಾವನ್ನ 20 ಫ್ರೇಮಿಗೆ ಇಳಿಸಿದ್ರೆ, ಒಂದು ಸೆಕೆಂಡಿನ ಒದೆ ತೆರೆ ಮೇಲೆ 0.83 ಸೆಕೆಂಡಿನಲ್ಲಿ ಮುಗಿಯುತ್ತೆ. ವೇಗ 20% ಜಾಸ್ತಿ, ಖರ್ಚು ಸೊನ್ನೆ, ಫಿಲ್ಮ್ ಕೂಡ ಉಳೀತು. ತೀರಾ ಇಳಿಸಿದ್ರೆ ಚಾಪ್ಲಿನ್ ಸಿನಿಮಾ ಥರ ಆಗಿಬಿಡುತ್ತೆ. ಹಾಗಾಗಿ ಚಲನೆ ಮೊದಲೇ ಶುದ್ಧವಾಗಿದ್ದವರಿಗೆ ಮಾತ್ರ ಇದು ಒಪ್ಪುತ್ತೆ. ಕೈಕಾಲು ತಡವರಿಸೋರನ್ನ ವೇಗ ಮಾಡಿದ್ರೆ ತಡವರಿಸೋದೂ ವೇಗವಾಗಿ ಕಾಣುತ್ತೆ, ಅಷ್ಟೇ.

ಎರಡನೇದು, ಪುಡಿ. ಬಟ್ಟೆ ಮೇಲೆ, ಬೂಟಿನ ಮೇಲೆ ಪೌಡರ್ ಸವರಿರ್ತಾರೆ. ಒದೆ ತಾಗಿದ ಕೂಡ್ಲೇ ಹೊಗೆ ಥರ ಧೂಳು ಏಳುತ್ತೆ. ಪೆಟ್ಟು ನಿಜವಾಗಿ ಬಿತ್ತು ಅಂತ ಕಣ್ಣಿಗೆ ಸಾಕ್ಷಿ. ಇದರಲ್ಲಿ ಒಂದು ತೊಂದರೆ: ಪುಡಿ ಏಳಬೇಕಾದ್ರೆ ಕಾಲು ಮೈಗೆ ತಾಗಲೇಬೇಕು!

ಮೂರನೇದು, ಧ್ವನಿ. ಆಗಿನ ಹಾಂಗ್ ಕಾಂಗ್ ಸಿನಿಮಾಗಳನ್ನ ಬಹುಪಾಲು ಶಬ್ದ ರೆಕಾರ್ಡ್ ಮಾಡದೆ ತೆಗೆದು, ಆಮೇಲೆ ಡಬ್ ಮಾಡ್ತಿದ್ರು. ಸೆಟ್ಟಿನಲ್ಲಿ ಫೈಟ್ ಮಾಸ್ಟರ್ ಕೂಗ್ತಾ ತಾಳ ಹೇಳಬಹುದು. ನಟಿಗೆ ಭಾಷೆ ಬರದಿದ್ರೂ ನಡೆಯುತ್ತೆ. ಹಾಗಾಗಿಯೇ ಜಪಾನಿನ ಯುಕಾರಿ ಓಶಿಮಾ, ಅಮೆರಿಕದ ಸಿಂಥಿಯಾ ರಾತ್‌ರಾಕ್ ಅಂಥವರು ಹಾಂಗ್ ಕಾಂಗಿನಲ್ಲಿ ನಾಯಕಿಯರಾಗೋಕೆ ಆಯ್ತು. ನಮ್ಮ ಸಿನಿಮಾಗಳಲ್ಲಿ ಕನ್ನಡ ಬರದ ನಾಯಕಿಯರಿಗೆ ಬೇರೆಯವರು ದನಿ ಕೊಡ್ತಾರಲ್ಲ, ಅದೇ ಲೆಕ್ಕ.

ಒಂದು ಮಾತು ಸೇರಿಸಿಬಿಡ್ತೀನಿ. ಎಲ್ಲಾ ಶಾಟೂ ನಟಿಯರೇ ಮಾಡ್ತಿದ್ರು ಅಂತಲ್ಲ. ಪಲ್ಟಿಗೆ, ಎತ್ತರದಿಂದ ಬೀಳೋದಕ್ಕೆ ಡೂಪ್ ಇರ್ತಿದ್ರು, ಎಷ್ಟೋ ಸಲ ವಿಗ್ ಹಾಕಿದ ಗಂಡಸರೇ. ಆದ್ರೆ ಎದುರುಬದುರು ಕೈಕಾಲು ಆಡಿಸೋ ಭಾಗ ಬಹುಪಾಲು ಇವರದ್ದೇ. ಮುಖಾನೂ ಪೆಟ್ಟೂ ಒಂದೇ ಫ್ರೇಮಿನಲ್ಲಿ ಇರುತ್ತಲ್ಲ, ಅಲ್ಲಿ ಡೂಪ್‌ಗೆ ಜಾಗ ಇಲ್ಲ.

ಮಾರಾಟದ ಲೆಕ್ಕ

ಕಡಿಮೆ ದುಡ್ಡಿನ ಸಿನಿಮಾ ಬದುಕೋದು ಹೊರದೇಶಕ್ಕೆ ಮಾರಾಟ ಆದ್ರೆ. ಮಾತಿಗೆ ಅನುವಾದ ಬೇಕು, ಒದೆಗೆ ಬೇಡ. ಹತ್ತು ಪೋಸ್ಟರಿನಲ್ಲಿ ಹತ್ತು ಗಂಡಸರು ಮುಷ್ಟಿ ಬಿಗಿದು ನಿಂತಿರುವಾಗ ಹನ್ನೊಂದನೇ ಪೋಸ್ಟರಿನಲ್ಲಿ ಹುಡುಗಿ ಇದ್ರೆ ಕಣ್ಣು ಅಲ್ಲೇ ಹೋಗುತ್ತೆ. 1973ರ ಮೇ ತಿಂಗಳ ಒಂದು ವಾರ ಅಮೆರಿಕದ ಬಾಕ್ಸ್ ಆಫೀಸ್ ಪಟ್ಟಿಯ ಮೊದಲ ಮೂರು ಸ್ಥಾನಗಳಲ್ಲೂ ಹಾಂಗ್ ಕಾಂಗ್ ಸಿನಿಮಾಗಳೇ ಇದ್ವು. ಅದರಲ್ಲಿ ಒಂದು ಏಂಜೆಲಾ ಮಾವೊ ಅವರ 'ಲೇಡಿ ವರ್ಲ್‌ವಿಂಡ್'. ಅಮೆರಿಕದ ವಿತರಕರು ಅದಕ್ಕೆ ಆಗ ಸುದ್ದಿಯಲ್ಲಿದ್ದ ಒಂದು ವಯಸ್ಕರ ಚಿತ್ರವನ್ನ ನೆನಪಿಸೋ ಹಾಗೆ ಬೇರೆ ಹೆಸರಿಟ್ಟು ಬಿಟ್ಟಿದ್ರು. ಸಿನಿಮಾದಲ್ಲಿ ಅಂಥದ್ದೇನೂ ಇಲ್ಲ. ಹುಡುಗಿ ಇದ್ದಾಳೆ ಅಂದಮೇಲೆ ಹೀಗೇ ಮಾರಬೇಕು ಅನ್ನೋ ಲೆಕ್ಕ ಅವರದ್ದು.

ದುಡ್ಡು ಬಂದಾಗ ಏನಾಗುತ್ತೆ ಅನ್ನೋದಕ್ಕೆ ಶಾ ಬ್ರದರ್ಸ್ ಕಥೆನೂ ಸಾಕ್ಷಿ. 1966ರಲ್ಲಿ ಚೆಂಗ್ ಪೇಪೇ ಅವರ ಸಿನಿಮಾ ಗೆದ್ದಿತು. ಮುಂದಿನ ವರ್ಷ ಚಾಂಗ್ ಚೆಹ್ ನಿರ್ದೇಶನದ 'ಒನ್ ಆರ್ಮ್ಡ್ ಸ್ವೋರ್ಡ್ಸ್‌ಮನ್' ಹಾಂಗ್ ಕಾಂಗಿನಲ್ಲೇ 10 ಲಕ್ಷ ಹಾಂಗ್ ಕಾಂಗ್ ಡಾಲರ್ ಗಳಿಸ್ತು. ಗಂಡಸುತನವೇ ಸಿನಿಮಾದ ಕೇಂದ್ರ ಆಗಬೇಕು ಅನ್ನೋದು ಚಾಂಗ್ ಚೆಹ್ ವಾದ. ಗಲ್ಲಾಪೆಟ್ಟಿಗೆ ಅದಕ್ಕೆ ತಲೆದೂಗಿತು. ಅಲ್ಲಿಂದ ದೊಡ್ಡ ಬ್ಯಾನರಿನಲ್ಲಿ ಹೆಂಗಸರು ಪಕ್ಕಕ್ಕೆ ಸರಿದ್ರು. ಅವರಿಗೆ ಮುಖ್ಯ ಪಾತ್ರ ಕೊಡೋ ಕೆಲಸ ಹೆಚ್ಚಾಗಿ ಹೊಸ ಕಂಪನಿಗಳಿಗೆ, ತೈವಾನಿನ ಸಣ್ಣ ನಿರ್ಮಾಪಕರಿಗೆ ಬಂತು. ನಡುವೆ 1981ರಲ್ಲಿ ಶಾ ಬ್ರದರ್ಸ್‌ನಲ್ಲೇ ಲೌ ಕಾರ್ ಲಿಯುಂಗ್ 'ಮೈ ಯಂಗ್ ಆಂಟಿ' ಮಾಡಿ, ಕಾರಾ ಹುಯಿಗೆ ಕೇಂದ್ರ ಪಾತ್ರ ಕೊಟ್ರು. 1982ರಲ್ಲಿ ಮೊಟ್ಟಮೊದಲ ಹಾಂಗ್ ಕಾಂಗ್ ಚಲನಚಿತ್ರ ಪ್ರಶಸ್ತಿ ಕೊಟ್ಟಾಗ ಅತ್ಯುತ್ತಮ ನಟಿ ಅವರೇ ಆದ್ರು. ಆದ್ರೆ ಅದು ಅಪವಾದ.

ಎರಡನೇ ಅಲೆ 1985ರದ್ದು. ಡಿ ಆಂಡ್ ಬಿ ಅನ್ನೋ ಹೊಸ ಕಂಪನಿ 'ಯೆಸ್, ಮೇಡಂ!' ತೆಗೀತು. ನಾಯಕಿಯರು ಇಬ್ಬರು: ಸಿಂಥಿಯಾ ರಾತ್‌ರಾಕ್ ಮತ್ತು ಆಗ ಮಿಶೆಲ್ ಖಾನ್ ಅಂತ ಕರೆಸಿಕೊಳ್ತಿದ್ದ ಮಿಶೆಲ್ ಯೋ. ಸಿನಿಮಾ ಗೆದ್ದಿತು. ಇಂಥವೇ ಸಾಲುಸಾಲಾಗಿ ಬಂದ್ವು. ಮಿಶೆಲ್ ಮದುವೆಯಾಗಿ ನಟನೆ ಬಿಟ್ಟಾಗ ಕಂಪನಿ ತೈವಾನಿನ ಒಬ್ಬ ಹೊಸ ಹುಡುಗಿಯನ್ನ ತಂದು ಅವರಿಗಿಟ್ಟ ಹೆಸರು ನೋಡಿ: ಸಿಂಥಿಯಾ ಖಾನ್! ಹಳೇ ಇಬ್ಬರ ಹೆಸರಿನಿಂದ ಅರ್ಧರ್ಧ ತೆಗೆದು ಜೋಡಿಸಿದ್ದು. ಎರಡು ಸ್ಟ್ರಿಂಗ್ ಕಾಂಕ್ಯಾಟ್ ಮಾಡಿದ ಹಾಗೆ. ಮೊದಲು ಓದಿದಾಗ ನಗು ಬಂತು, ಆಮೇಲೆ ಬೇಜಾರಾಯ್ತು. ಪ್ರಾಜೆಕ್ಟಿನಲ್ಲಿ "ರಿಸೋರ್ಸ್ ರಿಪ್ಲೇಸ್ಮೆಂಟ್" ಅನ್ನೋ ಪದ ಕೇಳಿದಾಗ ನಮಗೆ ಏನನ್ನಿಸುತ್ತೆ ಅನ್ನೋದು ನಿಮಗೆ ಗೊತ್ತಲ್ಲ. ಯುಕಾರಿ ಓಶಿಮಾ ಮುಂದೆ ಫಿಲಿಪೈನ್ಸ್‌ಗೆ ಹೋಗಿ ಇನ್ನೂ ಕಡಿಮೆ ಬಜೆಟ್ಟಿನ ಸಿನಿಮಾಗಳಲ್ಲಿ ಮಾಡಿದ್ರು. ಅಲ್ಲಿ ಅವರ ಹೆಸರು ಸಿಂಥಿಯಾ ಲಸ್ಟರ್. ಮತ್ತೊಬ್ಬ ಸಿಂಥಿಯಾ.

ಬಿಲ್ ಕಟ್ಟಿದ್ದು ಯಾರು

ಈಗ ಖರ್ಚಿನ ಕಡೆ ಬರೋಣ. 1989ರಲ್ಲಿ 'ಡೆವಿಲ್ ಹಂಟರ್ಸ್' ಅಂತ ಒಂದು ಸಿನಿಮಾ. ಮೂನ್ ಲೀ, ಸಿಬೆಲ್ ಹು ಅನ್ನೋ ಇಬ್ಬರು ನಟಿಯರು. ಕೊನೆಯ ದೃಶ್ಯದಲ್ಲಿ ಸ್ಫೋಟ ಆಗುವಾಗ ಇಬ್ಬರೂ ಹೊರಗೆ ಹಾರಬೇಕು. ಬೆಂಕಿ ಇಬ್ಬರನ್ನೂ ಹಿಡೀತು, ತೀವ್ರ ಸುಟ್ಟಗಾಯಗಳಾದ್ವು. ಆ ಶಾಟನ್ನ ಸಿನಿಮಾದಲ್ಲಿ ಹಾಗೇ ಉಳಿಸಿಕೊಂಡ್ರು. ನಾನು ಆ ದೃಶ್ಯವನ್ನ ಫ್ರೇಮ್ ಫ್ರೇಮ್ ನೋಡೋಕೆ ಹೋಗಿಲ್ಲ, ನಿಮಗೂ ಬೇಡ ಅಂತೀನಿ.

1996ರಲ್ಲಿ ಆನ್ ಹುಯಿ ನಿರ್ದೇಶನದ 'ದಿ ಸ್ಟಂಟ್ ವುಮನ್' ಶೂಟಿಂಗ್‌ನಲ್ಲಿ ಮಿಶೆಲ್ ಯೋ ಸೇತುವೆ ಮೇಲಿಂದ ಸುಮಾರು 18 ಅಡಿ ಕೆಳಗೆ ಹಾರಿದಾಗ ಲೆಕ್ಕ ತಪ್ಪಿ ಬೆನ್ನಿಗೆ ಗಂಭೀರ ಗಾಯವಾಯ್ತು. ಸ್ಟಂಟ್ ಮಾಡೋ ಹೆಂಗಸಿನ ಕಷ್ಟದ ಬಗ್ಗೆಯೇ ಇದ್ದ ಸಿನಿಮಾ ಅದು.

ಈ ಥರದ ಅಪಘಾತ ಗಂಡಸರಿಗೂ ಆಗಿದೆ. ಜಾಕಿ ಚಾನ್ ಗಾಯಗಳ ಪಟ್ಟಿ ನಮಗೆಲ್ಲ ಬಾಯಿಪಾಠ. ವ್ಯತ್ಯಾಸ ಎಲ್ಲಿದೆ ಅಂದ್ರೆ, ಜಾಕಿ ಚಾನ್ ಗಾಯ ಸಿನಿಮಾದ ಕೊನೆಯಲ್ಲಿ ತೋರಿಸೋ ಬ್ರ್ಯಾಂಡ್ ಆಯ್ತು, ಮುಂದಿನ ಸಿನಿಮಾದ ಬೆಲೆ ಏರಿಸ್ತು. ಮೂನ್ ಲೀ ಗಾಯ ಸಿನಿಮಾಪ್ರೇಮಿಗಳ ಟ್ರಿವಿಯಾ ಆಗಿ ಉಳೀತು. ಏಂಜೆಲಾ ಮಾವೊ ಅಂತೂ ಸಿನಿಮಾ ಬಿಟ್ಟು ನ್ಯೂಯಾರ್ಕಿಗೆ ಹೋಗಿ, ಕ್ವೀನ್ಸ್ ಪ್ರದೇಶದಲ್ಲಿ ಕುಟುಂಬದ ಜೊತೆ ರೆಸ್ಟೋರೆಂಟ್ ನಡೆಸಿದ್ರು.

ನಮ್ಮ ದೇಶದ ಪುಟ

ಮುಂಬೈನಲ್ಲಿರೋರು ಪರೇಲ್ ಕಡೆ ಓಡಾಡಿರ್ತೀರಿ. ಶಾಂತಾರಾಮ್ ಅವರ ರಾಜಕಮಲ್ ಸ್ಟುಡಿಯೋ ಇದ್ದ ಜಾಗದಲ್ಲಿ ಅದಕ್ಕೂ ಮುಂಚೆ ವಾಡಿಯಾ ಮೂವಿಟೋನ್ ಇತ್ತು. ಅಲ್ಲಿಂದ 1935ರಲ್ಲಿ ಬಂದಿದ್ದು 'ಹಂಟರ್‌ವಾಲಿ'. ಮುಖವಾಡ, ಚಾವಟಿ, ಕುದುರೆ, ನಾಯಕಿ ಫಿಯರ್‌ಲೆಸ್ ನಾಡಿಯಾ. ಆಸ್ಟ್ರೇಲಿಯಾದ ಪರ್ತ್‌ನಲ್ಲಿ ಹುಟ್ಟಿದ ಮೇರಿ ಆನ್ ಇವಾನ್ಸ್. ಸಿನಿಮಾಕ್ಕೆ ಬರೋ ಮುಂಚೆ ಸರ್ಕಸ್ಸು, ಡ್ಯಾನ್ಸ್ ಕಂಪನಿಗಳಲ್ಲಿ ಪಳಗಿದವರು. ಅದೇ ಸೂತ್ರ ನೋಡಿ: ದೇಹ ಮೊದಲೇ ತಯಾರು. ವಿತರಕರು ಮುಂದೆ ಬರಲಿಲ್ಲ ಅಂತ ವಾಡಿಯಾ ಸಹೋದರರು ಸಿನಿಮಾವನ್ನ ತಾವೇ ಬಿಡುಗಡೆ ಮಾಡಬೇಕಾಯ್ತು, ಜನ ಮುಗಿಬಿದ್ರು.

'ಶೋಲೆ' ಬಸಂತಿ ಟಾಂಗಾ ಓಡಿಸೋದು ಎಲ್ರಿಗೂ ನೆನಪಿದೆ. ಆ ಅಪಾಯದ ಶಾಟ್‌ಗಳಲ್ಲಿ ಇದ್ದವರು ಹೇಮಾ ಮಾಲಿನಿಯ ಡೂಪ್ ರೇಷ್ಮಾ ಪಠಾಣ್. ಟಾಂಗಾ ಅಪಘಾತದಲ್ಲಿ ಗಾಯಗೊಂಡರೂ ಕೆಲಸ ಮುಂದುವರಿಸಿದವರು. ದೊಡ್ಡ ಬಜೆಟ್ಟಿನ ಸಿನಿಮಾದ ಲೆಕ್ಕ ಇದು: ಮುಖ ಒಬ್ಬರದ್ದು, ಮೂಳೆ ಇನ್ನೊಬ್ಬರದ್ದು.

ದಕ್ಷಿಣದಲ್ಲಿ 1990ರ ತೆಲುಗು 'ಕರ್ತವ್ಯಂ'ಗೆ ವಿಜಯಶಾಂತಿ ರಾಷ್ಟ್ರಪ್ರಶಸ್ತಿ ತಗೊಂಡ್ರು. ಹೈದರಾಬಾದಿನ ಗೆಳೆಯರಿಗೆ ಇದನ್ನ ಹೇಳಬೇಕಾಗಿಲ್ಲ. ನಮ್ಮಲ್ಲಿ 'ನಂಜುಂಡಿ ಕಲ್ಯಾಣ'ದ ಗಯ್ಯಾಳಿ ಹುಡುಗಿ ಮಾಲಾಶ್ರೀ 'ಎಸ್.ಪಿ. ಭಾರ್ಗವಿ'ಯಲ್ಲಿ ಖಾಕಿ ತೊಟ್ಟು, 2004ರ 'ದುರ್ಗಿ'ಯಲ್ಲಿ ಪೂರ್ತಿ ಆಕ್ಷನ್ ನಾಯಕಿಯಾಗಿ ನಿಂತ್ರು. ಇವರು ಒಪೆರಾ ಶಾಲೆಯಿಂದ ಬಂದವರಲ್ಲ, ಸಂಸಾರದ ಸಿನಿಮಾಗಳಿಂದ ಬಂದವರು. ಇಲ್ಲಿ ಕೆಲಸ ಮಾಡಿದ್ದು ತರಬೇತಿಗಿಂತ ಹೆಚ್ಚಾಗಿ ಪ್ರೇಕ್ಷಕರ ಪ್ರೀತಿ, ಮಾತಿನ ಖದರು. ಹಾಗಾಗಿ ನಮ್ಮ ಫೈಟ್‌ಗಳಲ್ಲಿ ಕ್ಲೋಸಪ್ ಜಾಸ್ತಿ, ಪೂರ್ತಿ ಮೈ ಕಾಣೋ ಶಾಟ್ ಕಮ್ಮಿ.

ನೋಡೋದಾದ್ರೆ ಹೀಗೆ ನೋಡಿ

ಶುರು ಮಾಡೋರಿಗೆ ನನ್ನ ಸಲಹೆ ಮೂರು ಸಿನಿಮಾ, ಇದೇ ಕ್ರಮದಲ್ಲಿ: 'ಕಮ್ ಡ್ರಿಂಕ್ ವಿತ್ ಮಿ', 'ಹಾಪ್ಕಿಡೋ', 'ಯೆಸ್, ಮೇಡಂ!'. ಕಥೆ ತೆಳು, ಹಾಸ್ಯ ಕೆಲವು ಕಡೆ ಪೆದ್ದುಪೆದ್ದು, ಡಬ್ಬಿಂಗ್ ಬಗ್ಗೆ ಕೇಳಲೇಬೇಡಿ. ಫೈಟ್ ಬಂದಾಗ ಮೂರು ವಿಷಯ ಗಮನಿಸಿ. ಪಾದ ಫ್ರೇಮಿನಲ್ಲಿ ಕಾಣುತ್ತಾ? ಮುಖ ಮತ್ತು ಪೆಟ್ಟು ಒಂದೇ ಶಾಟ್‌ನಲ್ಲಿ ಇದೆಯಾ? ಕಟ್ ಆಗೋದು ಪೆಟ್ಟು ಬಿದ್ದ ಮೇಲೋ, ಬೀಳೋದಕ್ಕೆ ಮುಂಚೆನೋ? ಮೂರಕ್ಕೂ ಒಳ್ಳೇ ಉತ್ತರ ಸಿಕ್ಕಿದ್ರೆ ಅಲ್ಲಿ ಕೆಲಸ ಮಾಡಿರೋದು ಎಡಿಟರ್ ಅಲ್ಲ, ಆ ಹೆಣ್ಣುಮಗಳು.

2023ರಲ್ಲಿ ಮಿಶೆಲ್ ಯೋ ಅತ್ಯುತ್ತಮ ನಟಿ ಆಸ್ಕರ್ ತಗೊಂಡ್ರು. ಆ ವಿಭಾಗದಲ್ಲಿ ಗೆದ್ದ ಮೊದಲ ಏಷ್ಯನ್ ಅವರೇ. 'ಎವ್ರಿಥಿಂಗ್ ಎವ್ರಿವೇರ್ ಆಲ್ ಅಟ್ ಒನ್ಸ್' ಕೂಡ ಹಾಲಿವುಡ್ ಲೆಕ್ಕದಲ್ಲಿ ಸಣ್ಣ ಬಜೆಟ್ಟಿನದ್ದೇ. ಆ ಮುಖ್ಯ ಪಾತ್ರವನ್ನ ನಿರ್ದೇಶಕರು ಮೊದಲು ಯೋಚಿಸಿದ್ದು ಜಾಕಿ ಚಾನ್‌ಗಾಗಿ. ಆಮೇಲೆ ಹೆಂಗಸಿನ ಪಾತ್ರವಾಗಿ ಬರೆದ್ರು. ಸ್ಟಂಟ್ ವಿನ್ಯಾಸಕ್ಕೆ ಆಸ್ಕರ್ ಕೊಡೋದು 2028ರ ಸಮಾರಂಭದಿಂದ ಅಂತ ಅಕಾಡೆಮಿ ಘೋಷಿಸಿದೆ. ಹಾಂಗ್ ಕಾಂಗಿನವರು ಆಕ್ಷನ್ ವಿನ್ಯಾಸಕ್ಕೆ 1980ರ ದಶಕದಿಂದಲೇ ಪ್ರಶಸ್ತಿ ಕೊಡ್ತಾ ಬಂದಿದ್ದಾರೆ.

ಈ ವೀಕೆಂಡ್ 'ಎಂಟರ್ ದಿ ಡ್ರ್ಯಾಗನ್' ಮತ್ತೆ ಹಾಕಿದ್ರೆ, ತಂಗಿಯ ಆ ಕೆಲವು ನಿಮಿಷ ಬಂದಾಗ ಫೋನ್ ಪಕ್ಕಕ್ಕಿಟ್ಟು ನೋಡಿ. ಅವರ ಪಾದ ಪ್ರತಿ ಒದೆಯಲ್ಲೂ ಫ್ರೇಮಿನೊಳಗೇ ಇದೆಯಾ ಅಂತ ನೋಡಿ. ಮುಂದಿನ ವಾರ ಸಿಗೋಣ, ನಮಸ್ಕಾರ.